ಉಪ್ಪು ಮತ್ತು ಉಸುಕು: ಬೇರ್ಪಡಿಸಿದ ಮೇಲೆ ತೂಕ ಏಕೆ ಹೊಂದುವುದಿಲ್ಲ?

ಪ್ರಶ್ನೆ: ನಾವು ಕಲಬುರಗಿಯವರು. ಆರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗನಿಗೆ ಉಪ್ಪು ಮತ್ತು ಮರಳಿನ ಮಿಶ್ರಣವನ್ನು ಮನೆಯಲ್ಲಿಯೇ ಬೇರ್ಪಡಿಸಿ ತೂಕ ಬರೆದುಕೊಂಡು ಬರಲು ಶಾಲೆಯಲ್ಲಿ ಹೇಳಿದ್ದರು. 50 ಗ್ರಾಂ ಪ್ಯಾಕೆಟ್ ಉಪ್ಪು, ಪಕ್ಕದ ಮನೆ ಕಟ್ಟಡಕ್ಕೆ ತರಿಸಿದ್ದ ಉಸುಕಿನಿಂದ 50 ಗ್ರಾಂ ತೆಗೆದುಕೊಂಡೆವು. ಅರ್ಧ ಲೀಟರ್ ಬೋರ್‌ವೆಲ್ ನೀರಿನಲ್ಲಿ ಕಲಸಿ, ಹಳೆಯ ಸೀರೆಯ ಬಟ್ಟೆಯಲ್ಲಿ ಒಂದು ಸಲ ಸೋಸಿ, ನೀರನ್ನು ಅಲ್ಯೂಮಿನಿಯಂ ಬೋಗುಣಿಯಲ್ಲಿ ಕುದಿಸಿ ಇಂಗಿಸಿದೆವು. ಕೊನೆಗೆ ಸಿಡಿದು ಒಲೆಯ ಸುತ್ತ ಬಿತ್ತು. ಉಪ್ಪು 43 ಗ್ರಾಂ ಸಿಕ್ಕಿತು, ಅದೂ ಬೂದು ಬಣ್ಣ, ಮರುದಿನ ಒದ್ದೆಯಾಗಿತ್ತು. ನೆರಳಿನಲ್ಲಿ ಆರಿಸಿದ ಉಸುಕು 56 ಗ್ರಾಂ ತೂಗಿತು. ಎಲ್ಲಿ ತಪ್ಪಾಯಿತು? ಬಿಸಿನೀರು ಬಳಸಬೇಕಿತ್ತೇ?

ಉತ್ತರ: ನಿಮ್ಮ ಪತ್ರದಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ನೀವು ಬರೆಯದೇ ಬಿಟ್ಟ ಒಂದು ಸಂಖ್ಯೆ. 43 ಮತ್ತು 56 ಕೂಡಿಸಿದರೆ 99 ಆಗುತ್ತದೆ. ನೂರರಲ್ಲಿ ಒಂದೇ ಗ್ರಾಂ ಕಡಿಮೆಯಾಯಿತಲ್ಲ ಎಂದು ಯಾರಾದರೂ ಸಮಾಧಾನಪಟ್ಟುಕೊಳ್ಳಬಹುದು, ಆದರೆ ಈ ಮೊತ್ತ ಆಕಸ್ಮಿಕವಾಗಿ ಹೊಂದಿಕೊಂಡದ್ದು. ಆ 56 ಗ್ರಾಂ ಉಸುಕಿನೊಳಗೆ ಆರದೆ ಉಳಿದ ನೀರಿದೆ, ತೊಳೆಯದೆ ಉಳಿದ ಉಪ್ಪೂ ಇದೆ. ಆ 43 ಗ್ರಾಂ ಉಪ್ಪಿನೊಳಗೆ ಉಸುಕಿನಿಂದ ಬಂದ ಜೇಡಿಮಣ್ಣಿದೆ, ಬೋರ್‌ವೆಲ್ ನೀರು ತಂದುಕೊಟ್ಟ ಬೇರೆ ಲವಣಗಳೂ ಇವೆ. ಒಂದು ಕಡೆ ಹೋದದ್ದನ್ನು ಇನ್ನೊಂದು ಕಡೆ ಸೇರಿಕೊಂಡದ್ದು ಮುಚ್ಚಿಹಾಕಿದೆ. ಹೋದ ಒಂದೊಂದು ಗ್ರಾಮೂ ಎಲ್ಲಿಗೆ ಹೋಯಿತೆಂದು ಹುಡುಕಿ ಹೇಳಬಹುದು. ಈ ಪ್ರಯೋಗದಲ್ಲಿ ಮಗು ಕಲಿಯಬೇಕಾದ ಮುಖ್ಯ ಸಂಗತಿಯೂ ಅದೇ ಎಂದು ನಾನು ನಂಬಿದ್ದೇನೆ. ಆದ್ದರಿಂದ ಒಂದೊಂದಾಗಿ ನೋಡೋಣ.

ಈ ಎರಡನ್ನು ಬೇರ್ಪಡಿಸಲು ನೀರೇ ಏಕೆ ಬೇಕು ಎಂಬುದನ್ನು ಮೊದಲು ಮಗನಿಗೆ ಕೈಯಿಂದಲೇ ತೋರಿಸಿ. ಒಂದು ಹಿಡಿ ಮಿಶ್ರಣವನ್ನು ಮೊರದಲ್ಲಿ ಹಾಕಿ ಕೇರಲು ಹೇಳಿ. ಜೋಳದಿಂದ ಹೊಟ್ಟು ಹಾರಿಹೋಗುವುದು ಹೊಟ್ಟು ಹಗುರ, ಕಾಳು ಭಾರ ಎಂಬ ಕಾರಣಕ್ಕೆ. ಉಪ್ಪಿನ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 2.16 ಗ್ರಾಂ, ಮರಳಿನ ಮುಖ್ಯ ಭಾಗವಾದ ಬೆಣಚಿನದು ಸುಮಾರು 2.65, ಇಷ್ಟು ಚಿಕ್ಕ ಅಂತರಕ್ಕೆ ಗಾಳಿ ಬಗ್ಗುವುದಿಲ್ಲ. ಸಾಣಿಗೆಯೂ ಅಷ್ಟೇ. ಪುಡಿಉಪ್ಪಿನ ಹರಳು ಮತ್ತು ಸಣ್ಣ ಉಸುಕಿನ ಕಣ ಹೆಚ್ಚುಕಡಿಮೆ ಒಂದೇ ಗಾತ್ರದವಾದ್ದರಿಂದ ಎರಡೂ ಒಟ್ಟಿಗೆ ಕೆಳಗಿಳಿಯುತ್ತವೆ. ಹೀಗೆ ಎರಡು ದಾರಿಗಳು ಮುಚ್ಚಿದ ಮೇಲೆ ಉಳಿಯುವ ಒಂದು ದೊಡ್ಡ ವ್ಯತ್ಯಾಸವೆಂದರೆ ಉಪ್ಪು ನೀರಿನಲ್ಲಿ ಕರಗುತ್ತದೆ, ಬೆಣಚುಕಲ್ಲಿನ ಕಣ ಕರಗುವುದಿಲ್ಲ ಎಂಬುದು.

ಇನ್ನು ನಿಮ್ಮ ಉಸುಕಿನ ವಿಚಾರ. ಕಟ್ಟಡದ ರಾಶಿಯಿಂದ ತೆಗೆದದ್ದು ಎಂದಿದ್ದೀರಿ. ನಮ್ಮ ಭೀಮಾ ನದಿಯ ಉಸುಕನ್ನು ಅಂಗೈಯಲ್ಲಿ ಹರಡಿ ಬೆಳಕಿಗೆ ಹಿಡಿದು ನೋಡಿದರೆ ಗಾಜಿನಂತೆ ಹೊಳೆಯುವ ಬೆಣಚಿನ ಕಣಗಳ ನಡುವೆ ಕರಿಕಲ್ಲಿನ ಕಪ್ಪು ಚೂರುಗಳೂ ಶಹಾಬಾದ್ ಕಲ್ಲಿನ ಜಾತಿಯ ಮಸಕು ಸುಣ್ಣದಕಲ್ಲಿನ ಚೂರುಗಳೂ ಕಾಣಸಿಗುತ್ತವೆ, ಮತ್ತು ಅಂಗೈ ಕೊಡವಿದ ಮೇಲೆ ಗೆರೆಗಳಲ್ಲಿ ನುಣ್ಣನೆಯ ಕಂದು ಧೂಳು ಉಳಿಯುತ್ತದೆ. ಆ ಧೂಳೇ ಜೇಡಿ, ಎರೆಮಣ್ಣಿನ ಅಂಶ. ಬಟ್ಟೆಯ ಎಳೆಗಳ ನಡುವಿನ ಕಿಂಡಿಗಿಂತ ಅದರ ಕಣಗಳು ಎಷ್ಟೋ ಪಾಲು ಸಣ್ಣವಾದ್ದರಿಂದ ನೀರಿನ ಜೊತೆಯಲ್ಲೇ ಪಾರಾಗಿ, ಕೊನೆಗೆ ಉಪ್ಪಿನಲ್ಲಿ ಸೇರಿಕೊಳ್ಳುತ್ತವೆ. ನಿಮ್ಮ ಉಪ್ಪಿನ ಬೂದು ಬಣ್ಣಕ್ಕೆ ಮುಖ್ಯ ಕಾರಣ ಇದೇ. ಆದ್ದರಿಂದ ಉಪ್ಪಿನೊಡನೆ ಬೆರೆಸುವ ಮೊದಲೇ ಉಸುಕನ್ನು ಸಿದ್ಧಪಡಿಸಿಕೊಳ್ಳಬೇಕು. ಅಕ್ಕಿ ತೊಳೆದ ಹಾಗೆ ನೀರು ಹಾಕಿ, ಕೈಯಾಡಿಸಿ, ಕಣಗಳು ಕೆಳಗೆ ಕುಳಿತೊಡನೆ ಮೇಲಿನ ಕದಡಿದ ನೀರನ್ನು ಚೆಲ್ಲಿ. ನೀರು ತಿಳಿಯಾಗುವವರೆಗೆ, ಅಂದರೆ ಸಾಮಾನ್ಯವಾಗಿ ಆರೇಳು ಸಲ, ಹೀಗೆ ಮಾಡಿ. ಅನಂತರ ತವೆಯ ಮೇಲೆ ಪೂರ್ತಿ ಒಣಗಿಸಿ, ತಣಿದ ಮೇಲೆ 50 ಗ್ರಾಂ ತೂಗಿಕೊಳ್ಳಿ. ಈ ಒಂದು ಕೆಲಸ ಮೊದಲೇ ಆಗಿದ್ದರೆ ನಿಮ್ಮ ಕಷ್ಟದ ಅರ್ಧ ಪಾಲು ಇರುತ್ತಿರಲಿಲ್ಲ. ಎಂ-ಸ್ಯಾಂಡ್ ಬಳಸುವುದಾದರೂ ಹೀಗೆಯೇ ತೊಳೆಯಬೇಕು, ಏಕೆಂದರೆ ಕಲ್ಲು ಒಡೆಯುವಾಗ ಹುಟ್ಟಿದ ಹಿಟ್ಟಿನಂತಹ ಪುಡಿ ಅದರಲ್ಲಿ ಸೇರಿರುತ್ತದೆ.

ಉಪ್ಪಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಪ್ಯಾಕೆಟ್ ಉಪ್ಪು ಗಂಟುಕಟ್ಟದೆ ಉದುರುದುರಾಗಿರಲೆಂದು ಅದರಲ್ಲಿ ಕೆಲವೊಮ್ಮೆ ನೀರಿನಲ್ಲಿ ಕರಗದ ಸಿಲಿಕಾ ಜಾತಿಯ ಪುಡಿಯನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿರುತ್ತಾರೆ. ಶುದ್ಧ ನೀರಿನಲ್ಲಿ ಬರೀ ಉಪ್ಪನ್ನು ಕರಗಿಸಿದರೂ ಲೋಟದಲ್ಲಿ ತೆಳು ಮಬ್ಬು ಕಾಣುವುದು ಈ ಕಾರಣಕ್ಕೆ. ತೂಕದ ಲೆಕ್ಕದಲ್ಲಿ ಇದು ಗಣನೆಗೆ ಬರುವಷ್ಟಿಲ್ಲ. ಮಬ್ಬು ಕಂಡಾಗ ಅದನ್ನು ಮಣ್ಣೆಂದು ತಪ್ಪು ತಿಳಿಯದಿರಲಿ ಎಂದು ಹೇಳಿದೆ.

ಈಗ ನೀವು ಕೇಳಿದ ಬಿಸಿನೀರಿನ ಪ್ರಶ್ನೆ. 100 ಗ್ರಾಂ ನೀರಿನಲ್ಲಿ ಕೋಣೆಯ ಉಷ್ಣತೆಯಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ; ನೀರು ಕುದಿಯುವ ಹಂತಕ್ಕೆ ಬಂದರೂ ಅದು ಸುಮಾರು 39 ಗ್ರಾಮಿಗೆ ಮಾತ್ರ ಏರುತ್ತದೆ. ಅಂದರೆ ಬಿಸಿನೀರು ಉಪ್ಪನ್ನು ಬೇಗ ಕರಗಿಸುತ್ತದೆಯೇ ಹೊರತು ಹೆಚ್ಚು ಕರಗಿಸುವುದಿಲ್ಲ. ಪೆಟ್ಲುಪ್ಪಿನ (ಪೊಟ್ಯಾಸಿಯಂ ನೈಟ್ರೇಟ್) ಸಂಗತಿ ಬೇರೆ: 20 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 32 ಗ್ರಾಂ ಕರಗುವ ಅದು 100 ಡಿಗ್ರಿಯಲ್ಲಿ ಸುಮಾರು 245 ಗ್ರಾಂ ಕರಗುತ್ತದೆ, ಹೀಗಾಗಿ ಬಿಸಿ ದ್ರಾವಣವನ್ನು ತಣಿಸಿದರೆ ಸಾಕು, ರಾಶಿ ರಾಶಿ ಹರಳು ಬೀಳುತ್ತದೆ. ಅಡುಗೆ ಉಪ್ಪಿನಲ್ಲಿ ಇದೇ ಉಪಾಯವನ್ನು ಹೂಡಿದರೆ 100 ಗ್ರಾಂ ನೀರಿನಿಂದ ಮೂರು ಗ್ರಾಮಿನಷ್ಟು ಹರಳು ಸಿಕ್ಕೀತು. ಉಪ್ಪಿಗೆ ನೀರನ್ನು ಆವಿ ಮಾಡುವುದೇ ದಾರಿ, ಕಡಲ ತೀರದ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಲ್ಲಿ ಬಿಸಿಲಿಗೆ ನೀರನ್ನು ಬಿಟ್ಟು ಕಾಯುವುದೂ ಇದಕ್ಕಾಗಿಯೇ.

ಈ ಸಂಖ್ಯೆಯಿಂದಲೇ ಎಷ್ಟು ನೀರು ಬೇಕೆಂಬುದೂ ಹೊರಡುತ್ತದೆ. 50 ಗ್ರಾಂ ಉಪ್ಪು ಕರಗಲು ಕನಿಷ್ಠ 140 ಮಿಲಿಲೀಟರ್ ನೀರು ಬೇಕು. ಪರ್ಯಾಪ್ತವಾಗುವ, ಅಂದರೆ ನೀರು ಇನ್ನು ಉಪ್ಪನ್ನು ಕರಗಿಸಿಕೊಳ್ಳಲಾರದ ಅಂಚಿನಲ್ಲಿ ಉಪ್ಪು ಕರಗುವುದು ತೀರ ನಿಧಾನವಾದ್ದರಿಂದ 200 ಮಿಲಿಲೀಟರ್ ತೆಗೆದುಕೊಳ್ಳುವುದು ಒಳ್ಳೆಯದು. ನೀವು ಅರ್ಧ ಲೀಟರನ್ನು ಒಂದೇ ಸಲಕ್ಕೆ ಸುರಿದಿದ್ದೀರಿ. ಅದರಲ್ಲಿ 300 ಮಿಲಿಲೀಟರ್ ಉಳಿಸಿಕೊಂಡಿದ್ದರೆ ತೊಳೆಯುವುದಕ್ಕೆ ಒದಗುತ್ತಿತ್ತು.

ತೊಳೆಯುವುದು ಎಂದೆನಲ್ಲ, ಈ ಪ್ರಯೋಗದ ಜೀವಾಳ ಅದು. ಪಠ್ಯದಲ್ಲಿ ಕರಗಿಸಿ, ಸೋಸಿ, ಇಂಗಿಸಿ ಎಂದು ಮೂರು ಮಾತಿನಲ್ಲಿ ಮುಗಿಯುವ ಕೆಲಸದಲ್ಲಿ ಸೋಸುವುದಕ್ಕೂ ಇಂಗಿಸುವುದಕ್ಕೂ ನಡುವೆ ಇರಬೇಕಾದ ತೊಳೆಯುವ ಹೆಜ್ಜೆ ಎಷ್ಟೋ ಸಲ ಬಿಟ್ಟುಹೋಗುತ್ತದೆ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಉಸುಕನ್ನು ಮುಟ್ಟಿ ನೋಡಿ, ಅದು ಒದ್ದೆಯಾಗಿರುತ್ತದೆ. ಆ ಒದ್ದೆ ಬರಿಯ ನೀರಾಗಿರುವುದಿಲ್ಲ. ನೀವು ಬೋಗುಣಿಗೆ ಬಸಿದುಕೊಂಡ ಉಪ್ಪುನೀರು ಎಷ್ಟು ಗಟ್ಟಿಯೋ ಅಷ್ಟೇ ಗಟ್ಟಿಯಾದ ಉಪ್ಪುನೀರು ಅದು. 50 ಗ್ರಾಂ ಉಸುಕು ಕಣಕಣದ ನಡುವೆ ಸುಮಾರು 15 ಮಿಲಿಲೀಟರ್ ಹಿಡಿದುಕೊಳ್ಳುತ್ತದೆ ಎಂದು ಇಟ್ಟುಕೊಳ್ಳೋಣ. ನಿಮ್ಮ ದ್ರಾವಣದಲ್ಲಿ ಲೀಟರಿಗೆ 100 ಗ್ರಾಂ ಉಪ್ಪಿತ್ತು. ಹಾಗಾದರೆ ಉಸುಕಿನಲ್ಲಿಯೇ ಒಂದೂವರೆ ಗ್ರಾಂ ಉಳಿಯಿತು. ಸೀರೆಯ ಬಟ್ಟೆ ಹೀರಿಕೊಂಡದ್ದು 20 ಮಿಲಿಲೀಟರ್ ಆದರೆ ಅಲ್ಲಿ ಇನ್ನೂ ಎರಡು ಗ್ರಾಂ. ನೀವು ಕಳೆದುಕೊಂಡ ಏಳರಲ್ಲಿ ಮೂರೂವರೆ ಗ್ರಾಂ ಹೀಗೆ ಉಸುಕಿನಲ್ಲೂ ಬಟ್ಟೆಯಲ್ಲೂ ಕುಳಿತಿತ್ತು.

ಹೇಗೆ ತೊಳೆಯಬೇಕು ಎಂಬುದಕ್ಕೂ ಲೆಕ್ಕವಿದೆ, ಮತ್ತು ಈ ಲೆಕ್ಕವನ್ನು ಮಗನ ಜೊತೆ ಕುಳಿತು ಮಾಡಿ. 200 ಮಿಲಿಲೀಟರಿನಲ್ಲಿ 50 ಗ್ರಾಂ ಉಪ್ಪು ಕರಗಿಸಿ ಬಸಿದ ಮೇಲೆ ಉಸುಕಿನಲ್ಲಿ ಉಳಿದ 15 ಮಿಲಿಲೀಟರಿನಲ್ಲಿ ಸುಮಾರು 3.75 ಗ್ರಾಂ ಉಪ್ಪಿರುತ್ತದೆ. ತೊಳೆಯಲು ನಿಮ್ಮ ಬಳಿ 90 ಮಿಲಿಲೀಟರ್ ನೀರಿದೆ ಎನ್ನಿ. ಒಂದೇ ಸಲಕ್ಕೆ ಎಲ್ಲವನ್ನೂ ಸುರಿದು, ಕಲಕಿ, ಬಸಿದರೆ 105ರಲ್ಲಿ 15 ಪಾಲು, ಅಂದರೆ ಸುಮಾರು 0.54 ಗ್ರಾಂ ಉಪ್ಪು ಉಳಿಯುತ್ತದೆ. ಅದೇ ನೀರನ್ನು 30ರಂತೆ ಮೂರು ಸಲ ಹಾಕಿ, ಪ್ರತಿ ಸಲವೂ ಚೆನ್ನಾಗಿ ಕಲಕಿ ಬಸಿದರೆ ಪ್ರತಿ ಸಲವೂ ಇದ್ದದ್ದರ ಮೂರನೆಯ ಒಂದು ಪಾಲು ಮಾತ್ರ ಉಳಿಯುತ್ತದೆ: 3.75 ಹೋಗಿ 1.25, ಅದು ಹೋಗಿ 0.42, ಕೊನೆಗೆ 0.14 ಗ್ರಾಂ. ನೀರು ಅಷ್ಟೇ, ಉಳಿದ ಉಪ್ಪು ಮಾತ್ರ ನಾಲ್ಕರಲ್ಲಿ ಒಂದು ಪಾಲು. ಸೋಪಿನ ಬಟ್ಟೆಯನ್ನು ಒಂದೇ ಬಕೆಟ್ ನೀರಿನಲ್ಲಿ ಜಾಲಾಡಿಸುವುದಕ್ಕಿಂತ ಅದೇ ನೀರನ್ನು ಎರಡು ಮೂರು ಪಾಲು ಮಾಡಿಕೊಂಡು ಜಾಲಾಡಿಸಿದರೆ ಸೋಪು ಚೆನ್ನಾಗಿ ಬಿಡುತ್ತದೆ ಎಂಬುದನ್ನು ನೀರಿಗೆ ತತ್ವಾರವಿರುವ ನಮ್ಮ ಊರುಗಳ ಮನೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಕ್ರಮ ಹೀಗಿರಲಿ. ಮಿಶ್ರಣವನ್ನು ಸ್ಟೀಲ್ ಲೋಟದಲ್ಲಿ ಹಾಕಿ 200 ಮಿಲಿಲೀಟರ್ ನೀರು ಬೆರೆಸಿ ಐದು ನಿಮಿಷ ಕಲಕಿ, ಚಮಚೆಯ ಕೆಳಗೆ ಹರಳಿನ ಕಿರಕಿರ ನಿಂತು ಬರೀ ಉಸುಕಿನ ಸವರಾಟ ಕೈಗೆ ತಿಳಿಯುವವರೆಗೆ. ಹತ್ತು ನಿಮಿಷ ಅಲುಗಾಡಿಸದೆ ಬಿಟ್ಟು, ಅನ್ನದ ಗಂಜಿ ಬಸಿಯುವಂತೆ ಮೇಲಿನ ತಿಳಿಯನ್ನು ಮೊದಲು ಬಟ್ಟೆಯ ಮೇಲೆ ಬಸಿಯಿರಿ. ಉಸುಕು ಆದಷ್ಟೂ ಲೋಟದಲ್ಲೇ ಉಳಿಯಲಿ. ಉಸುಕು ಮೊದಲೇ ಬಟ್ಟೆಗೆ ಬಂದರೆ ಕಿಂಡಿಗಳು ಮುಚ್ಚಿ ಸೋಸುವುದು ನಿಂತೇ ಹೋಗುತ್ತದೆ. ಲೋಟದಲ್ಲಿರುವ ಉಸುಕಿಗೆ 30 ಮಿಲಿಲೀಟರಿನಂತೆ ಮೂರು ಸಲ ನೀರು ಹಾಕಿ, ಕಲಕಿ, ಪ್ರತಿ ಸಲವೂ ಅದೇ ಬಟ್ಟೆಯ ಮೂಲಕ ಬಸಿದರೆ ಉಸುಕಿನ ಜೊತೆಗೆ ಬಟ್ಟೆಯಲ್ಲಿ ಹಿಡಿದ ಉಪ್ಪೂ ಬಹುಮಟ್ಟಿಗೆ ಇಳಿದುಬರುತ್ತದೆ. ಸೀರೆಯ ನೈಲಾನ್ ಬಟ್ಟೆಗಿಂತ ಹಳೆಯ ಹತ್ತಿಯ ಧೋತರವನ್ನು ನಾಲ್ಕು ಮಡಿಕೆ ಮಾಡಿ ಹಾಸುವುದು ಮೇಲು. ಅದರಲ್ಲಿ ಸೋಪು, ಗಂಜಿ ಉಳಿದಿರದಂತೆ ಮೊದಲೇ ಬರೀ ನೀರಿನಲ್ಲಿ ಹಿಂಡಿರಬೇಕು. ಪ್ರಯೋಗಾಲಯದ ಸೋಸುಕಾಗದ ಸಿಕ್ಕರೆ ಇನ್ನೂ ಉತ್ತಮ.

ಪೂರ್ತಿ ತೊಳೆದಾಯಿತೇ ಎಂದು ತಿಳಿಯಲು ನಾಲಿಗೆಗೆ ಹಚ್ಚಿ ನೋಡಬೇಡಿ. ಕಟ್ಟಡದ ಉಸುಕಿನಲ್ಲಿ ಏನೇನು ಸೇರಿರುತ್ತದೆಯೋ ಯಾರೂ ಹೇಳಲಾರರು. ಕೊನೆಯ ಸಲ ಬಸಿದ ನೀರಿನ ಒಂದು ಹನಿಯನ್ನು ಹೊಳೆಯುವ ಸ್ಟೀಲ್ ಚಮಚೆಯ ಮೇಲೆ ಇಟ್ಟು, ಪಕ್ಕದಲ್ಲಿ ನೀವು ಬಳಸಿದ ಮೂಲ ನೀರಿನ ಇನ್ನೊಂದು ಹನಿಯನ್ನು ಇಟ್ಟು, ಎರಡನ್ನೂ ಆರಲು ಬಿಡಿ. ಎರಡೂ ಬಿಳಿ ಉಂಗುರ ಬಿಡುತ್ತವೆ. ಮೊದಲನೆಯ ಉಂಗುರ ಎರಡನೆಯದಕ್ಕಿಂತ ದಪ್ಪವಾಗಿದ್ದರೆ ಇನ್ನೊಂದು ಸಲ ತೊಳೆಯಬೇಕು. ಕುಡಿಯುವ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಘನವಸ್ತುಗಳ ಪ್ರಮಾಣ) ನೋಡುವ ಪೆನ್ನಿನಂಥ ಮೀಟರ್ ಮನೆಯಲ್ಲಿದ್ದರೆ ಕೆಲಸ ಸುಲಭ: ತೊಳೆದ ನೀರಿನ ಸಂಖ್ಯೆ ಇಳಿಯುತ್ತಾ ಇಳಿಯುತ್ತಾ ಮೂಲ ನೀರಿನ ಸಂಖ್ಯೆಗೆ ಹತ್ತಿರವಾಗುವುದನ್ನು ಮಗು ತಾನೇ ಓದಬಹುದು. ಶಾಲೆಯ ಪ್ರಯೋಗಾಲಯದಲ್ಲಾದರೆ ಬೆಳ್ಳಿಯ ನೈಟ್ರೇಟ್ ದ್ರಾವಣದ ಎರಡು ಹನಿ ಹಾಕುತ್ತಾರೆ, ಕ್ಲೋರೈಡ್ ಇದ್ದರೆ ಹಾಲಿನಂತೆ ಬೆಳ್ಳಗಾಗುತ್ತದೆ.

ತೊಳೆಯುವಾಗ ನೀವು ಒಂದು ವಿಚಿತ್ರವನ್ನು ಕಾಣಬಹುದು, ಅದನ್ನು ತಪ್ಪದೆ ಮಗನಿಗೆ ತೋರಿಸಿ. ಉಸುಕಿನಲ್ಲಿ ಸ್ವಲ್ಪ ಜೇಡಿ ಉಳಿದಿದ್ದರೆ, ಮೊದಲನೆಯ ಗಟ್ಟಿ ಉಪ್ಪುನೀರು ಬೇಗನೆ ತಿಳಿಯಾಗುತ್ತದೆ. ಎರಡನೆಯ, ಮೂರನೆಯ ಸಲ ಸಿಹಿನೀರು ಹಾಕಿ ಕಲಕಿದಾಗ ಮಾತ್ರ ನೀರು ಕದಡಿ, ಗಂಟೆಗಟ್ಟಲೆ ಹಾಗೆಯೇ ನಿಲ್ಲುತ್ತದೆ. ಶುಚಿ ಮಾಡುತ್ತಾ ಹೋದಂತೆ ಕೊಳೆ ಹೆಚ್ಚಾಯಿತಲ್ಲ ಎಂದು ಗಾಬರಿಯಾಗಬೇಡಿ. ಜೇಡಿಯ ಕಣಗಳ ಮೇಲೆ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂಡುತ್ತಾ ನೀರಿನಲ್ಲಿ ತೇಲಿಕೊಂಡಿರುತ್ತವೆ. ಉಪ್ಪು ಹೆಚ್ಚಿದ್ದಾಗ ಅದರ ಸೋಡಿಯಂ ಅಯಾನುಗಳು (ಧನ ವಿದ್ಯುದಂಶ ಹೊತ್ತ ಸೋಡಿಯಂ) ಆ ಕಣಗಳನ್ನು ಸುತ್ತುವರಿದು ಈ ದೂಡಾಟವನ್ನು ಅಡಗಿಸುತ್ತವೆ, ಕಣಗಳು ಗುಂಪುಗುಂಪಾಗಿ ಅಂಟಿಕೊಂಡು ತಳ ಸೇರುತ್ತವೆ. ಉಪ್ಪು ತೊಳೆದುಹೋದೊಡನೆ ಮತ್ತೆ ಚದುರುತ್ತವೆ.

ಇದು ಲೋಟದೊಳಗೆ ಮಾತ್ರ ನಡೆಯುವ ಸಂಗತಿಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಡೆಗೆ ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಅಲ್ಲಲ್ಲಿ ಎರೆಭೂಮಿ ಸವಳಾಗಿದೆ, ಜವಳಾಗಿದೆ. ಅತಿಯಾಗಿ ಹಾಯಿಸಿದ ನೀರು ಕೆಳಗೆ ಇಳಿಯಲು ದಾರಿಯಿಲ್ಲದೆ ನಿಂತು, ಮಣ್ಣಿನ ಒಡಲಲ್ಲಿದ್ದ ಲವಣವನ್ನು ಮೇಲೆ ತಂದು, ಬಿಸಿಲಿಗೆ ಆವಿಯಾಗಿ, ಬಿಳಿಯ ಹೊದಿಕೆ ಬಿಟ್ಟು ಹೋಗುತ್ತದೆ. ಅಲ್ಲಿನ ರೈತನ ಮುಂದಿರುವ ಕೆಲಸ ನಿಮ್ಮ ಮಗನ ಪ್ರಯೋಗವೇ: ಮಣ್ಣಿನಿಂದ ಉಪ್ಪನ್ನು ತೊಳೆದು ತೆಗೆಯುವುದು. ಸಿಹಿನೀರು ನಿಲ್ಲಿಸಿ ಬಸಿಗಾಲುವೆಯಲ್ಲಿ ಹೊರಗೆ ಹರಿಸುವುದೇ ಅದರ ಕ್ರಮ. ಬಸಿಗಾಲುವೆ ಇಲ್ಲದ ಹೊಲವೆಂದರೆ ತೂತಿಲ್ಲದ ಬಟ್ಟೆಯಲ್ಲಿ ಸೋಸಿದಂತೆ. ಆದರೆ ಸೋಡಿಯಂ ಹೆಚ್ಚಾಗಿ ಸೇರಿರುವ ಎರೆಮಣ್ಣನ್ನು ಬರೀ ಸಿಹಿನೀರಿನಿಂದ ತೊಳೆಯ ಹೊರಟರೆ, ನಿಮ್ಮ ಲೋಟದ ಮೂರನೆಯ ನೀರಿನಂತೆಯೇ ಜೇಡಿ ಚದುರಿ ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತದೆ, ನೀರು ಇಳಿಯುವುದೇ ನಿಲ್ಲುತ್ತದೆ. ಇಂಥ ಭೂಮಿಗೆ ಮೊದಲು ಜಿಪ್ಸಂ ಹಾಕಬೇಕೆಂದು ಕೃಷಿ ತಜ್ಞರು ಹೇಳುವುದು ಅದಕ್ಕಾಗಿ. ಜಿಪ್ಸಮ್ಮಿನ ಕ್ಯಾಲ್ಸಿಯಂ ಸೋಡಿಯಮ್ಮಿನ ಜಾಗವನ್ನು ಹಿಡಿದು ಜೇಡಿಯ ಕಣಗಳನ್ನು ಗುಂಪಾಗಿಯೇ ಇರಿಸುತ್ತದೆ. ಲೋಟದಲ್ಲಿ ನಾವು ಜಿಪ್ಸಂ, ಪಟಿಕ ಏನನ್ನೂ ಹಾಕುವಂತಿಲ್ಲ, ಹಾಕಿದ್ದು ಉಪ್ಪಿನಲ್ಲಿ ಬೆರೆಯುತ್ತದೆ. ನಮಗೆ ಮೊದಲೇ ತೊಳೆದ ಉಸುಕೇ ಗತಿ.

ನೀರಿನ ವಿಚಾರಕ್ಕೆ ಬರುತ್ತೇನೆ. ನಮ್ಮ ಊರಿನ ಬೋರ್‌ವೆಲ್ ನೀರು ಗಡಸು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಘನವಸ್ತು ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ ಸೈರಿಸಬಹುದು. ನಿಮ್ಮ ನೀರಿನಲ್ಲಿ 1000 ಇದೆ ಎಂದುಕೊಂಡರೆ ಅರ್ಧ ಲೀಟರನ್ನು ಇಂಗಿಸಿದಾಗ ಅರ್ಧ ಗ್ರಾಂ ಹೊರಗಿನ ಲವಣ ಉಪ್ಪಿನಲ್ಲಿ ಸೇರುತ್ತದೆ. ಬೋಗುಣಿಯ ಅಂಚಿಗೆ ಕಟ್ಟಿದ ಬಿಳಿಯ ಪೊರೆ, ನೀರು ಕಾಯಿಸುವ ಹಂಡೆಯೊಳಗೆ ಕಟ್ಟುತ್ತದಲ್ಲ, ಅದೇ ಜಾತಿಯದು. ಮಳೆನೀರನ್ನೋ ಆರ್‌ಓ ನೀರನ್ನೋ ಬಳಸಿದರೆ ಈ ತೊಡಕು ಬಹುಪಾಲು ತಪ್ಪುತ್ತದೆ. ಪಾಠ ಹೇಳಲು ತೊಡಗಿದ ಹೊಸತರಲ್ಲಿ ಒಬ್ಬ ವಿದ್ಯಾರ್ಥಿನಿ 50 ಗ್ರಾಂ ಉಪ್ಪಿನಿಂದ 52 ಗ್ರಾಂ ಪಡೆದೆನೆಂದು ಬರೆದು ತಂದಾಗ ಸಂಖ್ಯೆ ತಿದ್ದಿದ್ದೀಯೆಂದು ನಾನು ಅವಳನ್ನು ಗದರಿಸಿದ್ದೆ. ಸಂಜೆ ಅವಳ ಬಟ್ಟಲನ್ನು ಮತ್ತೆ ಕಾಯಿಸಿ ತೂಗಿದಾಗ ಒಂದೂವರೆ ಗ್ರಾಂ ತೇವ ಹಾರಿಹೋಯಿತು, ಉಳಿದ ಅರ್ಧ ಗ್ರಾಂ ನಲ್ಲಿಯ ನೀರಿನದೆಂದು ಬರೀ ನೀರು ಇಂಗಿಸಿ ನೋಡಿದಾಗ ತಿಳಿಯಿತು. ಅವಳು ಕಂಡದ್ದನ್ನೇ ಬರೆದಿದ್ದಳು. ಮರುದಿನ ತರಗತಿಯಲ್ಲಿ ಅದನ್ನು ಹೇಳಿದೆ, ಮತ್ತು ಅಂದಿನಿಂದ ಹೆಚ್ಚು ಬಂದ ತೂಕವನ್ನು ಕಡಿಮೆ ಬಂದ ತೂಕದಷ್ಟೇ ಗಮನವಿಟ್ಟು ನೋಡುತ್ತೇನೆ.

ಇಂಗಿಸುವುದಕ್ಕೆ ಅಲ್ಯೂಮಿನಿಯಂ ಪಾತ್ರೆ ಬೇಡ. ಆ ಲೋಹವನ್ನು ಕಾಯುವ ತೆಳು ಪೊರೆಯನ್ನು ಬಿಸಿ ಉಪ್ಪುನೀರು ಅಲ್ಲಲ್ಲಿ ತಿನ್ನುತ್ತದೆ, ಪಾತ್ರೆಗೆ ಚುಕ್ಕೆ ಬೀಳುತ್ತದೆ, ಉಪ್ಪಿಗೆ ಬೂದು ಛಾಯೆ ಬರುತ್ತದೆ. ಕಲಾಯಿ ಹೋದ ತಾಮ್ರ, ಹಿತ್ತಾಳೆಯೂ ಬೇಡ. ಅಗಲವಾದ ಸ್ಟೀಲ್ ಗಂಗಾಳ ಸಾಕು, ಕೆಲಸ ಮುಗಿದೊಡನೆ ತೊಳೆದಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದ್ರಾವಣ ಸುರಿಯುವ ಮೊದಲು ಖಾಲಿ ಗಂಗಾಳವನ್ನು ತೂಗಿ ಬರೆದಿಟ್ಟುಕೊಳ್ಳಿ. ಕೊನೆಗೆ ಉಪ್ಪಿನ ಸಮೇತ ತೂಗಿ ಕಳೆದರೆ ಆಯಿತು. ಕೆರೆದು ತೆಗೆದು ಕಾಗದದ ಮೇಲೆ ತೂಗುವಾಗ ಪಾತ್ರೆಗೆ ಅಂಟಿದ್ದು ಅಲ್ಲೇ ಉಳಿಯುತ್ತದೆ, ನಿಮ್ಮಲ್ಲಿ ಹೀಗೆ ಒಂದು ಗ್ರಾಮಾದರೂ ಹೋಗಿರಬೇಕು.

ಉಳಿದದ್ದು ಸಿಡಿದು ಹೋಯಿತು. ನೀರು ಹೆಚ್ಚಿರುವಾಗ ಕುದಿತ ಸೌಮ್ಯವಾಗಿರುತ್ತದೆ. ಉಪ್ಪು ಹರಳುಗಟ್ಟಿ ತಳದಲ್ಲಿ ಕೂತೊಡನೆ ಅದರ ಅಡಿಯಲ್ಲಿ ಸಿಕ್ಕಿಕೊಂಡ ಆವಿ ದಾರಿಗಾಣದೆ ಗಟ್ಟಿ ಉಪ್ಪುನೀರನ್ನು ಎತ್ತಿ ಎಸೆಯುತ್ತದೆ. ಆ ದ್ರಾವಣ 108 ಡಿಗ್ರಿಯ ಸುಮಾರಿಗೆ ಕುದಿಯುವುದರಿಂದ ಮೈಮೇಲೆ ಬಿದ್ದರೆ ನೀರಿಗಿಂತ ಹೆಚ್ಚು ಸುಡುತ್ತದೆ, ಹುಡುಗನನ್ನು ಒಲೆಯ ಹತ್ತಿರ ಒಬ್ಬನನ್ನೇ ಬಿಡಬೇಡಿ. ಪೂರ್ತಿ ಒಣಗಿದ ಮೇಲೂ ಉರಿ ಮುಂದುವರಿಸಿದರೆ ಹರಳಿನೊಳಗೆ ಸಿಕ್ಕಿಬಿದ್ದಿದ್ದ ಹನಿಗಳು ಆವಿಯಾಗಿ ಹರಳನ್ನೇ ಒಡೆದು ಚಟಪಟ ಹಾರಿಸುತ್ತವೆ. ದ್ರಾವಣ ರವೆಯ ಗಂಜಿಯಷ್ಟು ಮಂದವಾದ ಕೂಡಲೇ ಗಂಗಾಳವನ್ನು ಉರಿಯಿಂದ ಇಳಿಸಿ, ಕುದಿಯುವ ನೀರಿರುವ ಇನ್ನೊಂದು ಪಾತ್ರೆಯ ಬಾಯಿಯ ಮೇಲೆ ಇಡಿ. ಹಬೆಯ ಶಾಖ 100 ಡಿಗ್ರಿ ದಾಟದ ಕಾರಣ ಅಲ್ಲಿ ಒಂದು ಹನಿಯೂ ಸಿಡಿಯದೆ ಉಪ್ಪು ಆರುತ್ತದೆ.

ನನ್ನನ್ನು ಕೇಳಿದರೆ ಒಲೆಗಿಂತ ಬಿಸಿಲೇ ಮೇಲು. 300 ಮಿಲಿಲೀಟರ್ ನೀರನ್ನು ಗ್ಯಾಸಿನ ಮೇಲೆ ಪೂರ್ತಿ ಆವಿ ಮಾಡಲು ಸುಮಾರು 30 ಗ್ರಾಂ ಅನಿಲ ಬೇಕಾಗುತ್ತದೆ. 40 ಡಿಗ್ರಿ ದಾಟುವ ನಮ್ಮ ಮೇ ತಿಂಗಳ ಬಿಸಿಲಿಗೆ ಖರ್ಚಿಲ್ಲ. ಮಾಳಿಗೆಯ ಮೇಲೆ ಗಂಗಾಳದಲ್ಲಿ ಒಂದು ಸೆಂಟಿಮೀಟರ್ ಆಳಕ್ಕೆ ದ್ರಾವಣ ಸುರಿದು, ಧೂಳು ಬೀಳದಂತೆ ನಾಲ್ಕು ಲೋಟಗಳ ಮೇಲೆ ತೆಳು ಬಟ್ಟೆ ಹೊದಿಸಿಟ್ಟರೆ ಎರಡು ಮೂರು ದಿನಗಳಲ್ಲಿ ಆರುತ್ತದೆ. ಕುದಿಸಿದಾಗ ಬರುವುದು ಪುಡಿ. ನಿಧಾನವಾಗಿ ಆರಿದಾಗ ಬರುವುದು ಹರಳು. ಎರಡನೆಯ ದಿನ ಬೆಳಿಗ್ಗೆ ಬಟ್ಟೆ ಸರಿಸಿ ಭೂತಗನ್ನಡಿಯಿಂದ ನೋಡಿದರೆ ನೀರಿನ ಮೇಲ್ಮೈಯಲ್ಲಿ ಕಾಗದದ ದೋಣಿಗಳಂತೆ ತೇಲುವ ಚಿಕ್ಕ ಚೌಕಗಳು ಕಾಣುತ್ತವೆ: ನಡುವೆ ಟೊಳ್ಳು, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಏರುವ ಅಂಚು, ತಲೆಕೆಳಗಾಗಿ ನಿಂತ ಸಣ್ಣ ಗೋಪುರದ ಹಾಗೆ. ಹರಳು ತೇಲುತ್ತಾ ತನ್ನ ಭಾರಕ್ಕೆ ಒಂದಿಷ್ಟು ಮುಳುಗಿದಂತೆಲ್ಲ ನೀರಿನ ಮಟ್ಟದಲ್ಲಿರುವ ಅಂಚಿನಲ್ಲಿ ಹೊಸ ಸುತ್ತು ಬೆಳೆಯುವುದರಿಂದ ಈ ಆಕಾರ ಬರುತ್ತದೆ. ತಟ್ಟಿದೊಡನೆ ಮುಳುಗಿ, ತಳದಲ್ಲಿ ಗಟ್ಟಿ ಘನಗಳಾಗಿ ಬೆಳೆಯುತ್ತವೆ.

ಶುದ್ಧ ಉಪ್ಪು ಬೇಕೋ, ಪೂರ್ತಿ ತೂಕ ಬೇಕೋ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ. ಗಡಸು ನೀರಿನ ಮೆಗ್ನೀಸಿಯಂ ಲವಣಗಳು ಕೊನೆಯ ಕೆಲವು ಚಮಚೆ ನೀರಿನಲ್ಲಿ ಉಳಿದುಕೊಳ್ಳುತ್ತವೆ; ಅದನ್ನು ಚೆಲ್ಲಿದರೆ ಹರಳು ಬೆಳ್ಳಗೆ ಬರುತ್ತದೆ, ಜೊತೆಗೆ ಒಂದೆರಡು ಗ್ರಾಂ ಉಪ್ಪೂ ಹೋಗುತ್ತದೆ. ಶಾಲೆಯಲ್ಲಿ ತೂಕ ಕೇಳಿದ್ದಾರಾದ್ದರಿಂದ ನೀವು ಚೆಲ್ಲಬೇಡಿ. ಮರುದಿನ ಉಪ್ಪು ಒದ್ದೆಯಾದದ್ದರಲ್ಲಿ ಈ ಮೆಗ್ನೀಸಿಯಮ್ಮಿನ ಕೈವಾಡವೂ ಇದೆ. ಶುದ್ಧ ಉಪ್ಪು ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 75 ದಾಟಿದರೆ ನೀರೆಳೆದುಕೊಳ್ಳುತ್ತದೆ, ಮೆಗ್ನೀಸಿಯಂ ಕ್ಲೋರೈಡ್ ಬೆರೆತರೆ ಅದಕ್ಕಿಂತ ಎಷ್ಟೋ ಮೊದಲೇ. ಹಾಗಾಗಿ ಬಿಸಿ ಆರಿದೊಡನೆ ತೂಗಬೇಕು, ರಾತ್ರಿ ಬಿಟ್ಟು ತೂಗಬಾರದು.

ಉಸುಕನ್ನೂ ನೆರಳಿನಲ್ಲಿ ಆರಿಸಿ ನಂಬುವ ಹಾಗಿಲ್ಲ. ಮೇಲೆ ಉದುರಾಗಿ ಕಂಡರೂ ಒಳಗೆ ತೇವವಿರುತ್ತದೆ. ನಿಮ್ಮ ಹೆಚ್ಚುವರಿ ಆರು ಗ್ರಾಂನಲ್ಲಿ ಬಹುಪಾಲು ಇದೇ. ತವೆಯ ಮೇಲೆ ಸಣ್ಣ ಉರಿಯಲ್ಲಿ ಹುರಿದು, ತಣಿಸಿ ತೂಗಿ, ಮತ್ತೆ ಹತ್ತು ನಿಮಿಷ ಹುರಿದು ತೂಗಿ. ಎರಡು ತೂಕವೂ ಒಂದೇ ಬರುವವರೆಗೆ ಹೀಗೆ ಮಾಡುವುದು ಎಲ್ಲ ಪ್ರಯೋಗಾಲಯಗಳ ಕ್ರಮ. ಅಡುಗೆಮನೆಯ ತಕ್ಕಡಿ ಒಂದೊಂದು ಗ್ರಾಮಿನ ಲೆಕ್ಕದಲ್ಲಿ ತೋರಿಸುತ್ತದೆಯಾದ್ದರಿಂದ ಒಂದು ಗ್ರಾಂ ಆಚೀಚೆ ಆದರೆ ಅದನ್ನು ತಪ್ಪೆಂದು ಎಣಿಸಬೇಕಾಗಿಲ್ಲ.

ಮುಂದಿನ ತರಗತಿಗಳಲ್ಲಿ ಇದೇ ಮಿಶ್ರಣಕ್ಕೆ ನವಸಾಗರವನ್ನೂ (ಅಮೋನಿಯಂ ಕ್ಲೋರೈಡ್) ಸೇರಿಸಿ ಮೂರನ್ನು ಬೇರ್ಪಡಿಸುವ ಪ್ರಶ್ನೆ ಬರುತ್ತದೆ. ಬೀದರಿನಲ್ಲಿ ಬಿದ್ರಿ ಕುಶಲಕರ್ಮಿಗಳು ಕೋಟೆಯ ಮಣ್ಣಿನೊಡನೆ ಕಲಸಿ ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಕರಿ ಬಣ್ಣ ಬರಿಸಲು ಬಳಸುವ ನವಸಾಗರವೇ ಅದು. ಕಾಯಿಸಿದರೆ ದ್ರವವಾಗದೆ ನೇರವಾಗಿ ಹೊಗೆಯಾಗಿ ಮೇಲೇರಿ, ತಣ್ಣಗಿನ ಕಡೆ ಬಿಳಿಯ ಪುಡಿಯಾಗಿ ಕೂರುತ್ತದೆ. ಆ ಹೊಗೆ ಉಸಿರಿಗೆ ಕೆಟ್ಟದ್ದು, ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಮಗನ ಪುಸ್ತಕದಲ್ಲಿ ಮೊದಲಿನ 43 ಮತ್ತು 56ನ್ನು ಅಳಿಸಬೇಡಿ. ಅದರ ಕೆಳಗೆ ಎರಡನೆಯ ಸಲದ ತೂಕಗಳನ್ನು ಬರೆದು, ಏನೇನು ಬದಲಿಸಿದಿರಿ ಎಂದು ಪಕ್ಕದಲ್ಲಿ ಬರೆಯಲಿ: ತೊಳೆದ ಉಸುಕು, ಮಳೆನೀರು, ಮೂರು ಸಲದ ತೊಳೆತ, ಹಬೆಯ ಮೇಲೆ ಆರಿಸಿದ್ದು, ಗಂಗಾಳದ ಸಮೇತ ತೂಗಿದ್ದು. ಉಪ್ಪು 48 ಅಥವಾ 49, ಉಸುಕು 50ರ ಆಸುಪಾಸು ಬಂದರೆ ಅಡುಗೆಮನೆಯಲ್ಲಿ ಅದಕ್ಕಿಂತ ಚೆನ್ನಾಗಿ ಮಾಡಲು ನನಗೂ ಆಗುವುದಿಲ್ಲ. ಹರಳುಗಳನ್ನು ಬಿಗಿ ಮುಚ್ಚಳದ ಗಾಜಿನ ಡಬ್ಬಿಯಲ್ಲಿ ಹಾಕಿ, ತಿನ್ನಲು ಅಲ್ಲ ಎಂದು ಚೀಟಿ ಅಂಟಿಸಿ, ಅಡುಗೆಯ ಉಪ್ಪಿನ ಡಬ್ಬಿಯಿಂದ ದೂರ ಇಡಿ.